ಎರೆಹೊಲಕ್ಕೆ ಬರುವ ಚಳಿಗಾಲದ ಅತಿಥಿಗಳು

ಹಸ್ತಾ ಮಳೆಯ ಹದಕ್ಕೆ ಹಿಂಗಾರಿ ಜೋಳ ಬಿತ್ತಿ, ದೀಪಾವಳಿಯ ಹಣತೆಗಳನ್ನು ಎತ್ತಿಟ್ಟ ಮೇಲೆ ನಮ್ಮ ಸೀಮೆಯ ರೈತನಿಗೆ ನಾಲ್ಕು ದಿನ ಬಿಡುವು. ಅದೇ ಹೊತ್ತಿಗೆ ಆಕಾಶದಲ್ಲಿ ಓಡಾಟ ಹೆಚ್ಚುತ್ತದೆ. ಬಾವಿಯ ಕಟ್ಟೆಯ ಮೇಲೆ ಬಾಲ ಕುಣಿಸುತ್ತ ಸಿಪಿಲೆ ಬಂದು ಕೂರುತ್ತದೆ. ಬಳಿಕ ಕೆರೆಗಳಿಗೆ ಬಾತುಗಳು, ಹೊಲಗಳಿಗೆ ಕಬ್ಬಕ್ಕಿಗಳು, ಹುಲ್ಲಿನ ಮಾಳಕ್ಕೆ ಬೇಟೆಹಕ್ಕಿಗಳು ಬರುತ್ತವೆ. ಯುಗಾದಿಯ ಹೊತ್ತಿಗೆ ಬಹುಪಾಲು ಹೊರಟುಹೋಗಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಾದ ನಾವು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಶಾಸನಗಳನ್ನು ಕುರಿತು, ವಚನಕಾರರನ್ನು ಕುರಿತು, ಕನ್ನಡ ಶಾಲೆಗಳನ್ನು ಕುರಿತು ಬರೆದುಕೊಂಡು ಬಂದಿದ್ದೇವೆ. ಈ ಅತಿಥಿಗಳನ್ನು ಕುರಿತು ಬರೆದುದು ಕಡಿಮೆ. ಅವುಗಳನ್ನು ಇಲ್ಲಿ ಯಾರು ನೋಡಿದರು, ಏಕೆ ನೋಡಿದರು, ಯಾವ ಭಾಷೆಯಲ್ಲಿ ಹೆಸರಿಟ್ಟರು ಎಂಬುದೂ ಈ ನೆಲದ ಇತಿಹಾಸವೇ ಎಂದು ಭಾವಿಸಿ ಈ ಲೇಖನಕ್ಕೆ ಕೈಹಾಕಿದ್ದೇವೆ.

ಹಳಗನ್ನಡ ಕಾವ್ಯ ಓದಿದವರಿಗೆ ಜಕ್ಕವಕ್ಕಿ ಅಪರಿಚಿತವಲ್ಲ. ಹಗಲೆಲ್ಲ ಜೊತೆಗಿದ್ದು, ಸೂರ್ಯ ಮುಳುಗಿದೊಡನೆ ಅಗಲಿ, ಎರಡು ದಡಗಳಿಂದ ಒಂದನ್ನೊಂದು ಕೂಗುವ ಜೋಡಿ ಅದು. ಸಂಸ್ಕೃತದಲ್ಲಿ ಚಕ್ರವಾಕ. ವಿರಹಕ್ಕೆ ಉಪಮೆ ಬೇಕಾದಾಗಲೆಲ್ಲ ಕವಿಗಳು ಅದನ್ನು ಕರೆದರು. ನಾವು ತರಗತಿಯಲ್ಲಿ ಅದನ್ನು ಕವಿಸಮಯವೆಂದು ಓದಿ ಕೈಬಿಟ್ಟೆವು. ಆದರೆ ಅದು ಇಂದಿಗೂ ಕಣ್ಣಿಗೆ ಕಾಣುವ ಹಕ್ಕಿ. ಕಿತ್ತಳೆ ಬೆರೆತ ಕಂದು ಮೈ, ಮಾಸಿದ ಬಿಳಿಯ ತಲೆ, ಹೆಬ್ಬಾತಿಗಿಂತ ತುಸು ಚಿಕ್ಕ ಗಾತ್ರ. ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ನೀರಿನ ದಂಡೆಗಳಲ್ಲಿ ಮರಿ ಮಾಡಿ, ಚಳಿ ಬಿದ್ದಾಗ ದಖನ್ನಿನ ಕೆರೆಗಳಿಗೆ ಇಳಿದು ಬರುತ್ತದೆ. ಇರುಳಿನಲ್ಲಿ ಮೇಯುವಾಗ ಜೋಡಿಯ ಎರಡು ಹಕ್ಕಿಗಳು ದೂರ ಸರಿದು ಪರಸ್ಪರ ಕರೆದುಕೊಳ್ಳುವುದೂ ಉಂಟು. ಕವಿಗಳು ಅದನ್ನು ಎಲ್ಲ ಋತುಗಳಲ್ಲೂ ಬಳಸಿಕೊಂಡಿರಬಹುದು. ಆದರೆ ಯಾರೋ ಒಬ್ಬರು ಮೊದಲು ಚಳಿಯಿರುಳಲ್ಲಿ ಕೆರೆಯ ಏರಿಯ ಮೇಲೆ ಕುಳಿತು ಆ ಕೂಗನ್ನು ಕೇಳಿರಲೇಬೇಕು. ಕೇಳದೆ ಅಂಥ ಉಪಮೆ ಹುಟ್ಟದು ಎಂಬುದು ನಮ್ಮ ನಂಬಿಕೆ.

ಹಕ್ಕಿಗಳನ್ನು ನೋಡುವುದಕ್ಕೆ ಹಿಂದಿನವರಿಗೆ ಬೇರೆ ಬೇರೆ ಕಾರಣಗಳಿದ್ದವು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಂಜನವನ್ನು, ಎಂದರೆ ನಮ್ಮ ಬಾವಿಕಟ್ಟೆಯ ಸಿಪಿಲೆಯ ಕುಲದ ಹಕ್ಕಿಯನ್ನು, ಕುರಿತು ಒಂದು ಅಧ್ಯಾಯವೇ ಇದೆ. ಮಳೆಗಾಲ ಕಳೆದ ಮೇಲೆ ಅದು ಮೊದಲು ಎಲ್ಲಿ ಕಾಣಿಸಿತು ಎಂಬುದರ ಮೇಲೆ ಶುಭಾಶುಭಗಳನ್ನು ಹೇಳುತ್ತಿದ್ದರು. ಫಲವನ್ನು ನಂಬಲಿ ಬಿಡಲಿ, ಹಕ್ಕಿ ಬಂದ ದಿನವನ್ನೂ ಜಾಗವನ್ನೂ ಗುರುತಿಟ್ಟುಕೊಳ್ಳುವ ರೂಢಿ ಅಷ್ಟು ಹಳೆಯದು. 12ನೆಯ ಶತಮಾನದಲ್ಲಿ ನಮ್ಮ ನೆರೆಯ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಡೇಗೆಗಳನ್ನು ಪಳಗಿಸಿ ಹಕ್ಕಿ ಹಿಡಿಸುವ ಶ್ಯೇನವಿನೋದದ ವಿವರಗಳಿವೆ. ಅದು ಅರಸರ ನೋಟ. ವಿನೋದಕ್ಕಾಗಿ ನೋಡಿದ ನೋಟ.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ನಾಡಿನೊಳಗೆ, ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸಿದನು. ಈ ಕಥೆಯನ್ನು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. ರಾಘವಾಂಕನ ಸಿದ್ಧರಾಮ ಚಾರಿತ್ರ ಅದನ್ನು ಹಾಡಿದೆ. ಅಲ್ಲಮಪ್ರಭು ಬಂದು, ಗುದ್ದಲಿ ಬುಟ್ಟಿಗಳ ನಡುವೆ ಮುಳುಗಿದ್ದ ಸಿದ್ಧರಾಮನನ್ನು ‘ಒಡ್ಡರಾಮ’ ಎಂದು ಹಂಗಿಸಿದ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರ ಬಾಯಲ್ಲಿದೆ. ಅಲ್ಲಮನ ಮಾತಿನ ಆಳ ಬೇರೆ. ಅದನ್ನು ಇಲ್ಲಿ ತೂಗಲು ಹೋಗುವುದಿಲ್ಲ. ನಮಗೆ ಇಷ್ಟು ಸಾಕು: ಬಿರುಬೇಸಗೆಯ ಈ ಬಯಲುಸೀಮೆಯಲ್ಲಿ ವರ್ಷವಿಡೀ ನಿಲ್ಲುವ ನೀರನ್ನು ಆತ ಕೂಡಿಸಿದನು. ಆತ ಕೆರೆ ಕಟ್ಟಿದ್ದು ಬಾತುಗಳಿಗಾಗಿ ಅಲ್ಲ. ಆದರೆ ನೀರು ನಿಂತ ಮೇಲೆ ಯಾರು ಇಳಿಯಬೇಕು ಎಂದು ಯಾರೂ ಕೇಳುವುದಿಲ್ಲ. ಪುಷ್ಯಮಾಸದ ಚಳಿಯಲ್ಲಿ, ಮಕರ ಸಂಕ್ರಮಣದ ಜಾತ್ರೆಗೆ ಏಳು ನಂದಿಕೋಲುಗಳು ಹೊರಡುವಾಗ, ಬೆಳಗಿನ ಮಂಜು ಇನ್ನೂ ಹರಿಯದ ಕೆರೆಯ ನೀರಿನ ಮೇಲೆ ಕರಿಯ ಮೈಗೆ ಬಿಳಿಯ ನಾಮವಿಟ್ಟುಕೊಂಡ ನಾಮದ ಕೋಳಿಗಳು ತೇಲುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ನೋಡಿದ್ದೇವೆ. ಜಾತ್ರೆಯ ಗದ್ದಲದಲ್ಲಿ ಅವುಗಳ ಹೆಸರು ಕೇಳಬೇಕೆಂದು ತೋಚಿದ್ದು ಮಾತ್ರ ಅಪರೂಪ.

ಆದರೆ ಹಕ್ಕಿಗಳನ್ನು ನಿಜವಾಗಿ ತಿಳಿದವರು ಅರಸರಲ್ಲ, ಪಂಡಿತರಲ್ಲ, ಜೋಳ ಕಾಯುವವರು. ಮಾಲದಂಡಿ ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟಣೆ ಕಟ್ಟುತ್ತಿದ್ದರು. ಮೇಲೊಬ್ಬರು ಕವಣೆ ಹಿಡಿದು ನಿಲ್ಲುವರು. ಕೆಳಗೆ ಕವಣೆಗಲ್ಲಿನ ಗುಡ್ಡೆ. ಹೊತ್ತು ಮೂಡುವ ಮೊದಲೇ ಅಟ್ಟಣೆ ಏರಬೇಕು, ಏಕೆಂದರೆ ಹಕ್ಕಿ ಬರುವುದು ಮೊದಲ ಬೆಳಕಿಗೆ. ಆ ಕೆಲಸ ಹೆಚ್ಚಾಗಿ ಹೆಂಗಸರ, ಹುಡುಗರ ಪಾಲಿನದು. ಎರಡು ತಿಂಗಳು ಎತ್ತರದಲ್ಲಿ ನಿಂತು ನಾಲ್ಕು ದಿಕ್ಕು ನೋಡುವವರಿಗೆ ಗುಬ್ಬಿ ಯಾವುದು, ಗಿಳಿ ಯಾವುದು, ಹಾರಾಟದಲ್ಲೇ ಕಬ್ಬಕ್ಕಿ ಯಾವುದು ಎಂದು ಯಾರೂ ಕಲಿಸಬೇಕಾಗಿಲ್ಲ. ಇಂದು ದುರ್ಬೀನು ಹಿಡಿದು ಪಕ್ಷಿವೀಕ್ಷಣೆಗೆ ಹೋಗುವ ನಮ್ಮ ಮಕ್ಕಳಿಗೆ ಅವರ ಮುತ್ತಜ್ಜಿಯೂ ಅದೇ ಕೆಲಸ ಮಾಡುತ್ತಿದ್ದಳು, ಬರಿಗಣ್ಣಿನಿಂದ, ಎಂದು ಹೇಳಿದರೆ ನಗುತ್ತಾರೆ.

ಅಟ್ಟಣೆಯವರ ದೊಡ್ಡ ಎದುರಾಳಿ ಗುಲಾಬಿ ಕಬ್ಬಕ್ಕಿ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು ಹೊಟ್ಟೆ ಮಾಸಲು ಗುಲಾಬಿ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆ ಹೆಚ್ಚಾದ ಕಡೆಗೆ ಗುಂಪುಗುಂಪಾಗಿ ಹೋಗಿ ಮರಿ ಮಾಡುವ ಹಕ್ಕಿ ಇದು. ಮಳೆಗಾಲ ಮುಗಿಯುವ ಮೊದಲೇ ನಮ್ಮ ಕಡೆಗೆ ಬರತೊಡಗಿ, ಮುತ್ತುಗ ಹೂಬಿಡುವ ತನಕ ಇಲ್ಲಿದ್ದು, ಆ ಹೂವಿನ ಜೇನನ್ನೂ ಕುಡಿದು ಏಪ್ರಿಲ್ ಹೊತ್ತಿಗೆ ಮರಳುತ್ತದೆ. ಮರಾಠಿಯಲ್ಲಿ ಇದನ್ನು ಪಳಸಮೈನಾ ಎನ್ನುವುದು ಈ ಮುತ್ತುಗದ ನಂಟಿನಿಂದಲೇ. ಭೋರಡಿ ಎಂಬ ಹೆಸರೂ ಉಂಟು. ಸಂಜೆ ಜಾಲಿಮರಗಳಲ್ಲಿ ತಂಗುವ ಮೊದಲು ಸಾವಿರಾರು ಹಕ್ಕಿಗಳು ಒಂದೇ ಮೈಯಂತೆ ಆಕಾಶದಲ್ಲಿ ಸುರುಳಿ ಬಿಚ್ಚುತ್ತವೆ. ಅದನ್ನು ನೋಡಲು ಈಗ ಊರೂರುಗಳಿಂದ ಕ್ಯಾಮೆರಾ ಹಿಡಿದು ಬರುತ್ತಾರೆ. ಅಟ್ಟಣೆಯ ಮೇಲೆ ನಿಂತವಳಿಗೆ ಆ ಸುರುಳಿ ಸೊಬಗಾಗಿ ಕಾಣುತ್ತಿರಲಿಲ್ಲ. ಮುಂದಿನ ವರ್ಷದ ರೊಟ್ಟಿಯ ಮೇಲೆ ಇಳಿಯುವ ಮೋಡವಾಗಿ ಕಾಣುತ್ತಿತ್ತು. ಇಷ್ಟಾಗಿಯೂ ಅದೇ ಹಕ್ಕಿ ಮಿಡತೆಯನ್ನೂ ಹುಳವನ್ನೂ ಹೆಕ್ಕುತ್ತದೆ ಎಂಬುದನ್ನು ಅವಳೇ ಬಲ್ಲಳು. ನಷ್ಟ ಲಾಭ ಎರಡನ್ನೂ ಒಂದೇ ಹಕ್ಕಿಯಲ್ಲಿ ಕಂಡ ಆ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ.

ಮಾರ್ಗಶಿರದ ಕೊನೆಗೆ ಎಳ್ಳಮಾಸೆ ಬರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಸಜ್ಜೆಯ ಕಡಬು, ಕಾಳುಪಲ್ಯ, ಶೇಂಗಾ ಹೋಳಿಗೆಗಳ ಒಂದು ಪಾಲನ್ನು ಹೊಲದ ತುಂಬ ಚರಗ ಚೆಲ್ಲುವ ಹಬ್ಬ. ಚರಗದ ಪಾಲು ಭೂತಾಯಿಗೆ ಎನ್ನುತ್ತೇವೆ. ತಿನ್ನುವವು ಮಾತ್ರ ಹಕ್ಕಿಗಳು, ಇರುವೆಗಳು. ಕವಣೆ ಬೀಸಿ ಅಟ್ಟಿದ ಹಕ್ಕಿಗೇ ಒಂದು ದಿನ ಎಡೆಯಿಡುವ ಈ ರೂಢಿ ಗಡಿಯ ಈಚೆಗೂ ಆಚೆಗೂ, ಕನ್ನಡ ಮರಾಠಿ ಎರಡೂ ಮನೆಗಳಲ್ಲಿ, ಇನ್ನೂ ಉಳಿದಿದೆ.

ಕಾಗದದ ಮೇಲೆ ಈ ಹಕ್ಕಿಗಳ ಇತಿಹಾಸ ಆರಂಭವಾಗುವುದು ಕಂಪನಿ ಸರಕಾರದ ಕಾಲಕ್ಕೆ. ಮುಂಬಯಿ ಸರಕಾರದ ಅಂಕಿ ಅಂಶಗಳ ಅಧಿಕಾರಿಯಾಗಿ ದಖನ್ನನ್ನು ಸುತ್ತಿದ ಕರ್ನಲ್ ಸೈಕ್ಸ್, ಜನ, ಬೆಳೆ, ತೂಕ, ಅಳತೆಗಳ ಜೊತೆಗೆ ಹಕ್ಕಿಗಳನ್ನೂ ಪಟ್ಟಿ ಮಾಡಿ 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ನಮ್ಮ ಕಲ್ಲುಮಾಳದ ಜುಟ್ಟಿನ ನೆಲಗುಬ್ಬಿಯೊಂದಕ್ಕೆ ಶಾಸ್ತ್ರೀಯ ಹೆಸರು ಕೊಡುವಾಗ ‘ದೇವ’ ಎಂದರು. ಚಳಿಗಾಲದಲ್ಲಿ ಜಾಲಿಪೊದೆಗಳಿಗೆ ಬರುವ ಬೂದುಕಂದು ಬಣ್ಣದ ಪುಟ್ಟ ಉಲಿಯಕ್ಕಿಯೊಂದಕ್ಕೆ ‘ರಾಮ’ ಎಂದರು. ಇಂಗ್ಲಿಷಿನಲ್ಲಿ ಎರಡೂ ಈಗ ಸೈಕ್ಸರ ಹೆಸರಿನಲ್ಲೇ ಇವೆ. ಲ್ಯಾಟಿನ್ ಪಟ್ಟಿಯಲ್ಲಿ ಮಾತ್ರ ನಮ್ಮ ದೇವರು ಉಳಿದಿದ್ದಾರೆ. ಬಳಿಕ ಮದ್ರಾಸಿನ ಸೇವೆಯಲ್ಲಿದ್ದ ವೈದ್ಯ ಜೆರ್ಡನ್ 1862ರಿಂದ 1864ರವರೆಗೆ ಭಾರತದ ಪಕ್ಷಿಗಳ ಮೇಲೆ ಸಂಪುಟಗಳನ್ನು ಹೊರತಂದು, ಹಕ್ಕಿಗಳ ದೇಶಭಾಷೆಯ ಹೆಸರುಗಳನ್ನು, ಕೆಲವೆಡೆ ಕನ್ನಡದ್ದನ್ನೂ, ದಾಖಲಿಸಿದರು. 1878ರಲ್ಲಿ ಡೇವಿಡ್‌ಸನ್ ಮತ್ತು ವೆಂಡೆನ್ ದಖನ್ನಿನ ಹಕ್ಕಿಗಳನ್ನು ಕುರಿತು, ಕೆಲವೇ ವರ್ಷಗಳಲ್ಲಿ ಬಟ್ಲರ್ ದಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳನ್ನು ಕುರಿತು ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ ಬರೆದರು.

ಇವರಿಗೆ ನಾವು ಋಣಿಗಳು. ಯಾವ ಹಕ್ಕಿ ಯಾವ ತಿಂಗಳು ಬರುತ್ತಿತ್ತು ಎಂಬುದಕ್ಕೆ ಈಗ ಹೋಲಿಸಿ ನೋಡಲು ಆಧಾರವಿರುವುದು ಅವರ ಪುಟಗಳಲ್ಲೇ. ಆದರೆ ಆ ಪುಟಗಳು ಬಂದೂಕಿನಿಂದ ಬರೆದವು ಎಂಬುದನ್ನೂ ಮರೆಯಲಾಗದು. ಆ ಕಾಲಕ್ಕೆ ಹಕ್ಕಿಯನ್ನು ಗುರುತಿಸುವುದೆಂದರೆ ಹೊಡೆದು ಕೈಯಲ್ಲಿ ಹಿಡಿದು ಅಳೆಯುವುದು. ಅಳತೆಗೆ ಒಂದು ಸಾಕಾಗುತ್ತಿತ್ತು. ಶಿಕಾರಿಗೆ ಅಷ್ಟು ಸಾಲುತ್ತಿರಲಿಲ್ಲ. ನಮ್ಮ ಉತ್ತರದ ನೆರೆಯ ಅಹಮದನಗರ ಸೀಮೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಆಂಗ್ಲ 1809ರಿಂದ 1829ರ ಒಳಗೆ 961 ಎರೆಭೂತಗಳನ್ನು ಹೊಡೆದ ದಾಖಲೆಯಿದೆ. ಈಗ ಇಡೀ ದೇಶದಲ್ಲಿ ಉಳಿದಿರುವ ಎರೆಭೂತಗಳು 150ಕ್ಕಿಂತ ಕಡಿಮೆ ಎಂಬುದು ಬಲ್ಲವರ ಅಂದಾಜು.

ಎರೆಭೂತದ ಕಡೆಗೆ ಬರುವ ಮೊದಲು ನೀರಿನ ಮಾತು ಮುಗಿಸಬೇಕು. ನಗರದ ಹೊರಗೆ ಅಧಿಲಾ ಹೊಳೆಗೆ ಅಡ್ಡಲಾಗಿ ಕಟ್ಟಿ 1871ರಲ್ಲಿ ಮುಗಿಸಿದ ಏಕರೂಖ ಕೆರೆ, ಜನರ ಬಾಯಲ್ಲಿ ಹಿಪ್ಪರಗಾ ಕೆರೆ, ನೀರಾವರಿಗೆಂದು ಹುಟ್ಟಿದರೂ ಚಳಿಗಾಲದ ಬಾತುಗಳ ಬೀಡಾಯಿತು. ಸೂಜಿಬಾಲದ ಬಾತು, ಚಮಚಕೊಕ್ಕಿನ ಬಾತು, ಪುಣ್ಯವಿದ್ದ ವರ್ಷ ಪಟ್ಟೆತಲೆಯ ಹೆಬ್ಬಾತು ಇಲ್ಲಿ ಇಳಿಯುತ್ತವೆ. ಈ ಹೆಬ್ಬಾತು ಮಂಗೋಲಿಯ ಮತ್ತು ಟಿಬೆಟ್ಟಿನ ಎತ್ತರದ ಕೆರೆಗಳಿಂದ ಹಿಮಾಲಯವನ್ನು ದಾಟಿ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವವೂ ಇವೇ. 1980ರಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು ಮುಗಿದು ಅನೇಕ ಊರುಗಳು ಮುಳುಗಿದವು. ಮುಳುಗಿದ ಹೊಲಗಳ ತೆಳುನೀರಿನಲ್ಲಿ ಈಗ ಚಳಿಗಾಲಕ್ಕೆ ಫ್ಲೆಮಿಂಗೊಗಳು ಸಾಲುಗಟ್ಟುತ್ತವೆ. ಊರು ಕಳೆದುಕೊಂಡವರ ಮುಂದೆ ಆ ಗುಲಾಬಿ ಸಾಲನ್ನು ಹೊಗಳಲು ನಮಗೆ ನಾಲಿಗೆ ಏಳುವುದಿಲ್ಲ. ಹೊಗಳದಿರಲು ಕಣ್ಣು ಬಿಡುವುದಿಲ್ಲ. ಅಕ್ಕಲಕೋಟೆಯ ಕಡೆ ಬೋರಿ ನದಿಯ ಕುರನೂರು ಜಲಾಶಯವೂ ಹಕ್ಕಿಗಳಿಗೆ ನೀರಾಸರೆ. 1987ರಿಂದ ಏಷ್ಯಾದ ದೇಶಗಳಲ್ಲಿ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ಅದು ಸಿದ್ಧೇಶ್ವರ ಜಾತ್ರೆಯ ತಿಂಗಳೇ ಆಗಿರುವುದು ಕಾಕತಾಳೀಯ. ನಮಗೆ ಮಾತ್ರ ಹಿತವಾದ ಕಾಕತಾಳೀಯ.

ಇನ್ನು ಎರೆಭೂತ. ಇದು ವಲಸೆ ಬರುವ ಹಕ್ಕಿಯಲ್ಲ, ಇಲ್ಲಿಯದೇ. ಮಳೆಗಾಲದಲ್ಲಿ ಹುಲ್ಲಿನ ನಡುವೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಚಳಿಗಾಲಕ್ಕೆ ಮಾಳದಿಂದ ಜೋಳ, ಶೇಂಗಾ, ಕಡಲೆಯ ಹೊಲಗಳ ಅಂಚಿಗೆ ಬಂದು ಮಿಡತೆ, ಓತಿ, ಬಾರಿಹಣ್ಣುಗಳನ್ನು ಹೆಕ್ಕುತ್ತ ತಿರುಗುತ್ತದೆ. ಸುಮಾರು ಒಂದು ಮೀಟರು ಎತ್ತರ. ಗಂಡು ಹದಿನಾಲ್ಕು ಹದಿನೈದು ಕಿಲೋ ತೂಗುವುದೂ ಉಂಟು. ನಸುಕಿನಲ್ಲಿ ಎರೆಹೊಲದ ನಡುವೆ ಬಿಳಿಯ ಕತ್ತೆತ್ತಿ ನಿಂತಾಗ ಮನುಷ್ಯನೋ ಭೂತವೋ ಎಂಬ ಭ್ರಮೆ ಹುಟ್ಟುತ್ತದೆ. ಹೆಸರು ಬಂದುದು ಹಾಗಿರಬೇಕು. ಎರ್ಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳೂ ಕನ್ನಡದಲ್ಲಿವೆ. ಮರಾಠಿಯ ‘ಮಾಳಢೋಕ’ದಲ್ಲಿ ಇರುವ ಮಾಳ ನಮ್ಮದೂ ಹೌದು. ಎರಡು ಭಾಷೆಗಳ ನಡುವೆ ಬದುಕಿದ ಹಕ್ಕಿಗೆ ಇದು ಸಹಜವೇ.

1972ರ ಬರಗಾಲವನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಆ ಬರದ ಬಳಿಕ ಬರಪೀಡಿತ ಪ್ರದೇಶಗಳ ಯೋಜನೆಯಡಿ ನಾನ್ನಜದ ಸುತ್ತ ಕೆಲವು ತಾಕುಗಳಿಗೆ ಬೇಲಿ ಹಾಕಿ ಹುಲ್ಲು ಬೆಳೆಸಿದರು. ದನಗಳಿಗೆಂದು ಬೆಳೆಸಿದ ಹುಲ್ಲಿನಲ್ಲಿ ಎರೆಭೂತ ನೆಲೆ ಕಂಡಿತು. ಸೊಲ್ಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ಅದನ್ನು ಆ ದಶಕದಲ್ಲಿ ಹೊರಜಗತ್ತಿನ ಗಮನಕ್ಕೆ ತಂದರು. 1979ರಲ್ಲಿ ಅಭಯಾರಣ್ಯದ ಘೋಷಣೆಯಾಯಿತು. ಮುಂದಿನ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಸಂಗಡಿಗರು ಇಲ್ಲಿ ಕುಳಿತು ಈ ಹಕ್ಕಿಯ ದಿನಚರಿಯನ್ನು ಬರೆದರು, ಈ ಸಲ ಬಂದೂಕಿಲ್ಲದೆ.

ಘೋಷಣೆಯ ವಿಸ್ತೀರ್ಣ ಮಾತ್ರ ಸುಮಾರು 8,496 ಚದರ ಕಿಲೋಮೀಟರು. ಸೊಲ್ಲಾಪುರ ಮತ್ತು ಅಹಮದನಗರ ಜಿಲ್ಲೆಗಳ ಹೊಲ, ಊರು, ರಸ್ತೆ, ಪೇಟೆ ಎಲ್ಲವೂ ನಕಾಶೆಯ ಮೇಲೆ ಅಭಯಾರಣ್ಯವಾದವು. ಹೊಲ ಮಾರಲು, ಬಾವಿ ತೋಡಲು, ಕಟ್ಟಡ ಕಟ್ಟಲು ಪರವಾನಿಗೆಯ ತೊಡಕು ಬಂತು. ತನ್ನ ಹೊಲದಲ್ಲಿ ಹಕ್ಕಿ ಕಂಡರೆ ಹೇಳಲೇಬಾರದೆಂದು ರೈತ ನಿರ್ಧರಿಸಿದರೆ ತಪ್ಪು ಯಾರದು? ಶತಮಾನಗಳ ಕಾಲ ಕವಣೆಗಲ್ಲು ಬೀಸದೆ ಬಿಟ್ಟಿದ್ದ ಹಕ್ಕಿಯನ್ನು ಆತ ಕಾಗದಪತ್ರಗಳ ದೆಸೆಯಿಂದ ವೈರಿಯಾಗಿ ಕಾಣಬೇಕಾಯಿತು. ಸುಪ್ರೀಂ ಕೋರ್ಟಿನ ತನಕ ಹೋಗಿ, ಎರಡು ಸಾವಿರದ ಹತ್ತರ ಆಚೀಚಿನ ವರ್ಷಗಳಲ್ಲಿ ವಿಸ್ತೀರ್ಣವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ಹೊಲಗಳೂ ಬದಲಾಗಿದ್ದವು. ಜೋಳದ ಜಾಗಕ್ಕೆ ಕಬ್ಬು, ದ್ರಾಕ್ಷಿ ಬಂದವು. ಮಾಳದ ಮೇಲೆ ತಂತಿಗಳು ಹಾದವು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ತಿಳಿದು ಗಿಡ ನೆಡುವ ಉತ್ಸಾಹವೂ ಕೆಡುಕನ್ನೇ ಮಾಡಿತು. ನಮ್ಮ ಸಂಘಗಳೂ ವನಮಹೋತ್ಸವದ ಹೆಸರಿನಲ್ಲಿ ಇಂಥ ಮಾಳಗಳಲ್ಲಿ ಗುಂಡಿ ತೋಡಿವೆ ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಈಗ ನಾನ್ನಜದಲ್ಲಿ ಒಂದು ಎರೆಭೂತ ಕಂಡರೆ ಅದು ಪತ್ರಿಕೆಯ ಸುದ್ದಿ.

ಚಿಗರಿಗಳ ಹಿಂಡು ಅಲ್ಲಿ ಇನ್ನೂ ಇದೆ. ಅವುಗಳ ಜಾಡಿನಲ್ಲಿ ತೋಳವೂ ಇದೆ. ಚಳಿಗಾಲದ ಸಂಜೆ ಸೆಳೆವಗಳು ಹುಲ್ಲಿನ ತುದಿಗೆ ತಾಗುವಷ್ಟು ಕೆಳಗೆ ತೇಲುತ್ತ ಬಂದು ನೆಲದ ಮೇಲೆಯೇ ರಾತ್ರಿ ತಂಗುತ್ತವೆ. ಇವು ಕಜಕಸ್ತಾನ, ರಷ್ಯಾಗಳ ಹುಲ್ಲುಬಯಲಿನಿಂದ ಬಂದು ನಮ್ಮ ಮಿಡತೆಗಳ ಮೇಲೆ ಚಳಿಗಾಲ ಕಳೆಯುವ ಹದ್ದಿನ ಬಳಗದವು. ನಮ್ಮಂತೆಯೇ ಗಡಿಯ ಆಚೆ ಉಳಿದ ಆದೋನಿ ಸೀಮೆಯ ಬಂಧುಗಳಿಗೂ ಈ ಮಾತು ಹೊಸದಲ್ಲ. 2022ರವರೆಗೆ ಅವರ ಕರ್ನೂಲು ಜಿಲ್ಲೆಯಲ್ಲಿದ್ದ ರೋಳ್ಳಪಾಡು ಎರೆಭೂತಕ್ಕೂ ಸೆಳೆವಗಳ ತಂಗುದಾಣಕ್ಕೂ ಒಂದು ಕಾಲಕ್ಕೆ ಹೆಸರಾಗಿತ್ತು. ಆದೋನಿಗೆ ಹೊಂದಿಕೊಂಡ ಸಿರುಗುಪ್ಪದ ಎರೆನೆಲದಲ್ಲಿ ಈಚಿನ ವರ್ಷಗಳಲ್ಲೂ ಎರೆಭೂತ ಕಂಡಿದೆ. 1953ರಲ್ಲೂ 1956ರಲ್ಲೂ ಎಳೆದ ರಾಜ್ಯದ ಗೆರೆಗಳು ಈ ಹಕ್ಕಿಗಳ ಹುಲ್ಲುಮಾಳಗಳ ನಡುವೆಯೇ ಹಾದುಹೋಗಿವೆ.

ಕಳೆದ ಎರಡು ಚಳಿಗಾಲಗಳಿಂದ ನಮ್ಮ ಸಂಘದ ಕೆಲವು ಕುಟುಂಬಗಳು ಒಂದು ಹೊತ್ತಗೆ ಇಟ್ಟಿವೆ. ಒಂದು ಅಂಕಣದಲ್ಲಿ ಹಕ್ಕಿ ಕಂಡ ದಿನ ಮತ್ತು ಜಾಗ, ಇನ್ನೊಂದರಲ್ಲಿ ಮನೆಯ ಹಿರಿಯರು ಹೇಳಿದ ಹೆಸರು. ಮೊದಲ ಅಂಕಣ ಬೇಗ ತುಂಬುತ್ತದೆ. ಮಕ್ಕಳ ಮೊಬೈಲಿನಲ್ಲಿ ಎಲ್ಲವೂ ಸಿದ್ಧ. ಎರಡನೆಯದರಲ್ಲಿ ಖಾಲಿ ಮನೆಗಳೇ ಹೆಚ್ಚು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ತೆರೆದು ಹೆಸರು ತುಂಬಿಸಬಹುದಿತ್ತು. ಬೇಡವೆಂದು ತೀರ್ಮಾನಿಸಿದೆವು. ಪುಸ್ತಕದ ಹೆಸರು ಪುಸ್ತಕದಲ್ಲಿ ಇದ್ದೇ ಇರುತ್ತದೆ. ನಮಗೆ ಬೇಕಾದುದು ಈ ಮಣ್ಣಿನಲ್ಲಿ ಆಡಿದ ಹೆಸರು.

ಹೋದ ಎಳ್ಳಮಾಸೆಗೆ ಅಕ್ಕಲಕೋಟೆ ತಾಲೂಕಿನ ಹೊಲವೊಂದರಲ್ಲಿ ಊಟ ಮುಗಿಸಿ ಕುಳಿತಿದ್ದೆವು. ಮರಾಠಿ ಶಾಲೆಯಲ್ಲಿ ಓದುವ ಹುಡುಗನೊಬ್ಬ ಚಿತ್ರಗಳನ್ನು ಒಂದೊಂದಾಗಿ ತನ್ನ ಅಜ್ಜಿಗೆ ತೋರಿಸುತ್ತಿದ್ದನು. ಎಂಬತ್ತು ದಾಟಿದ ಆಕೆ ಬಿಜಾಪುರದ ಕಡೆಯಿಂದ ಸೊಸೆಯಾಗಿ ಬಂದವರು. ಬಾತುಗಳಿಗೆಲ್ಲ ಬಾತು ಎಂದರು, ಸೆಳೆವಕ್ಕೆ ಹದ್ದು ಎಂದರು. ಎತ್ತರದ ಹಕ್ಕಿಯೊಂದರ ಚಿತ್ರ ಬಂದಾಗ ಕನ್ನಡಕ ಸರಿಮಾಡಿಕೊಂಡು ಅದನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇದು ಎರಿಭೂತ ಅಲ್ಲೇನೋ ತಮ್ಮಾ? ನಮ್ಮ ಅಪ್ಪನ ಹೊಲದಾಗ ನೋಡೀನಿ.”

“ಆಯೀ, ಇದಕ್ಕ ಮಾಳಢೋಕ ಅಂತಾರ.”

“ಅಂದುಕೋ. ಈಗ ಎಲ್ಲಿ ಅದಾವ?”

ಹುಡುಗ ನಮ್ಮ ಮುಖ ನೋಡಿದನು. ನಮ್ಮಲ್ಲೊಬ್ಬರು ನಾನ್ನಜದ ಹೆಸರು ಹೇಳಿ, ಬಸ್ಸಿನ ಹಾದಿಯನ್ನೂ ಹೇಳಿದರು. ಆಕೆ ಸಂಕ್ರಮಣದ ಜಾತ್ರೆಗೆ ಹೇಗೂ ಸೊಲ್ಲಾಪುರಕ್ಕೆ ಬರುವವರಿದ್ದರು. ಬಂದಾಗ ಕರೆದುಕೊಂಡು ಹೋಗಿ ತೋರಿಸಿರೆಂದರು. ಹುಡುಗ ಹೊತ್ತಗೆ ತೆರೆದು ಎರಡನೆಯ ಅಂಕಣದಲ್ಲಿ, ಅಕ್ಷರ ಕೇಳಿ ಕೇಳಿ, ‘ಎರಿಭೂತ’ ಎಂದು ಕನ್ನಡದಲ್ಲಿ ಬರೆದನು. ಮೊದಲ ಅಂಕಣದಲ್ಲಿ ದಿನವನ್ನೂ ಜಾಗವನ್ನೂ ಬರೆಯಲು ಇನ್ನೂ ಆಗಿಲ್ಲ.